ಗಣಿ ತಿರುವಿನ ಬಿಳಿ ಗೆರೆ

ಷಡ್ಡಕನ ಹೊಸ ಕಾರು ತಾನಾಗಿಯೇ ಓಡುತ್ತದೆ ಎಂದು ಕೇಳಿದ ದಿನದಿಂದ ಅವನಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ. ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಬೇಕಿಲ್ಲ. ಇಪ್ಪತ್ತೆರಡು ವರ್ಷ ರಸ್ತೆಗೆ ಬಿಳಿ ಗೆರೆ ಎಳೆದವನು ಇವನು. ಆ ಗೆರೆ ನೋಡಿ ಓಡುವ ಕಾರಿನಲ್ಲಿ ಹಾಯಾಗಿ ಕೂರುವವನು ಹೆಂಡತಿಯ ತಂಗಿಯ ಗಂಡ. ಅತ್ತೆಯ ಬಾಯಲ್ಲಿ ಈಗ ಕಿರಿಯಳಿಯನದೇ ಜಪ.

"ಸ್ಟೀರಿಂಗ್ ಮುಟ್ಟೋದೇ ಬೇಡ ಭಾವ. ಜಾಹೀರಾತಿನಲ್ಲಿ ಹೇಳಿದ್ದೆಲ್ಲ ನಿಜ," ಎಂದಿದ್ದ ಷಡ್ಡಕ.

"ಅವರು ಕೈಕಟ್ಟಿ ಕೂತ್ರೂ ಮುಂದೆ ಹೋಗ್ತಾರೆ. ನೀವು ಬಗ್ಗಿ ಬಗ್ಗಿ ಗೆರೆ ಎಳೆದ್ರೂ ಇದ್ದಲ್ಲೇ ಇದ್ದೀರಿ," ಎಂದಳು ಹೆಂಡತಿ. ನಗುತ್ತಲೇ ಹೇಳಿದಳು. ಅದು ಇನ್ನೂ ಉರಿಯಿತು.

ಉಪಾಯ ಹೊಳೆದದ್ದು ಆ ಉರಿಯಲ್ಲೇ. ಕಲ್ಲುಗಣಿಯ ತಿರುವಿನಲ್ಲಿ ತಡೆಗೋಡೆ ಮುರಿದು ತಿಂಗಳಾಗಿತ್ತು. ಭಾನುವಾರ ಗಣಿಗೆ ರಜೆ. ಸಂಜೆ ಐದಕ್ಕೆ ಆ ದಾರಿಯಲ್ಲಿ ಬರುವವನು ಆಟ ಮುಗಿಸಿ ಮನೆಗೆ ಮರಳುವ ಷಡ್ಡಕನೊಬ್ಬನೇ. ಹಳೆಯ ಗೆರೆಗೆ ಕಪ್ಪು ಬಳಿದು, ಹೊಸದನ್ನು ತಿರುಗಿಸದೆ ನೇರ ಗಣಿಯತ್ತ ಎಳೆದರೆ ಸಾಕು. ಕಣ್ಣಿರುವ ಮನುಷ್ಯ ತಿರುವು ನೋಡಿ ತಿರುಗಿಸುತ್ತಾನೆ. ಗೆರೆಯನ್ನು ಕಣ್ಣುಮುಚ್ಚಿ ನಂಬುವುದು ಯಂತ್ರ ಮಾತ್ರ. ಆರಕ್ಕೆ ಹೋಗಿ ಬಿಳಿಯದನ್ನು ಅಳಿಸಿಬಿಟ್ಟರೆ, ಜನ ಕಾರು ಕಂಪನಿಯವರಿಗೆ ಶಾಪ ಹಾಕಿ ಸುಮ್ಮನಾಗುತ್ತಾರೆ.

ಬಣ್ಣ ಕಚೇರಿಯದಲ್ಲ, ದೂರದ ಅಂಗಡಿಯದು. ಕೈಗವಸು ಹೊಸದು. ಹಾಡಹಗಲೇ ಕಿತ್ತಳೆ ಅಂಗಿ ತೊಟ್ಟು, ರಸ್ತೆಗೆ ಅಡ್ಡ ಕೋನ್‌ಗಳನ್ನಿಟ್ಟು ಕೆಲಸ ಶುರುಮಾಡಿದ. ಆ ಅಂಗಿಯೊಳಗಿನವನ ಮುಖವನ್ನು ಯಾರೂ ನೋಡುವುದಿಲ್ಲ. ಸೈಕಲ್ಲಿನಲ್ಲಿ ಬಂದ ಮುದುಕನೊಬ್ಬ, "ರಜಾ ದಿನವೂ ದುಡಿತೀರಲ್ಲಪ್ಪಾ!" ಎಂದು ಮೆಚ್ಚಿಕೊಂಡೇ ಹೋದ. ಆಮೇಲೆ ಕೈ ತನ್ನ ಪಾಡಿಗೆ ತಾನು ಓಡಿತು. ಮನಸ್ಸು ಅತ್ತೆಮನೆಯಲ್ಲಿತ್ತು. ಅಲ್ಲಿ ಎಲ್ಲರೂ ಅಳುತ್ತಿದ್ದರು, ಹಿರಿಯಳಿಯನೇ ಮುಂದೆ ನಿಂತು ಸಮಾಧಾನ ಮಾಡುತ್ತಿದ್ದ. ಎಚ್ಚರಾದಾಗ ಕೆಲಸ ಮುಗಿದಿತ್ತು. ಕೋನ್‌ಗಳನ್ನು ಎತ್ತಿಕೊಂಡು ಹೊರಟು, ದೂರದಿಂದ ಒಮ್ಮೆ ತಿರುಗಿ ನೋಡಿದ. ಇಷ್ಟು ನೇರದ ಗೆರೆ ಅವನು ಈಚೆಗೆ ಎಳೆದಿರಲಿಲ್ಲ.

ಐದೂಮುಕ್ಕಾಲಿಗೆ ಕಪ್ಪು ಬಣ್ಣದ ಡಬ್ಬ ಹಿಡಿದು ಬಾಗಿಲು ತೆಗೆದರೆ, ಎದುರಿಗೆ ಷಡ್ಡಕ. ಮೈಮೇಲೆ ಒಂದು ಗೀರೂ ಇರಲಿಲ್ಲ. ಜೊತೆಗೆ ರಸ್ತೆ ಕಚೇರಿಯ ಮೇಲ್ವಿಚಾರಕ.

"ಬದುಕಿಬಂದೆ ಭಾವ. ಗೆರೆ ನೇರ ಗಣಿಗೇ ಹೋಗಿತ್ತು, ನೋಡಿದ್ದೇ ಇವರಿಗೆ ಫೋನ್ ಮಾಡಿದೆ. ಆ ದರಿದ್ರ ಕಾರು ಒಂದು ದಿನವಾದ್ರೂ ಸರಿಯಾಗಿ ತಾನೇ ಓಡಿದ್ರೆ ಕೇಳಿ! ನಾನು ಸ್ಟೀರಿಂಗ್ ಬಿಟ್ಟಿದ್ದೇ ಇಲ್ಲ. ಅತ್ತೆ ಮುಂದೆ ಕೈ ಬಿಟ್ಟಂತೆ ತೋರಿಸಿ, ಮಂಡಿಯಲ್ಲಿ ಒತ್ತಿ ಹಿಡಿದಿದ್ದೆ. ಅಷ್ಟು ಕೊಚ್ಚಿಕೊಂಡ ಮೇಲೆ ಹೇಗೆ ಹೇಳಲಿ?"

ಮೇಲ್ವಿಚಾರಕ ಡಬ್ಬವನ್ನೊಮ್ಮೆ ನೋಡಿ, ಫೋನನ್ನು ಅವನ ಮುಖದೆದುರು ಹಿಡಿದ. ಚಿತ್ರದಲ್ಲಿ ಗಣಿಯ ಅಂಚು, ಅಲ್ಲಿಯವರೆಗೂ ಓಡಿದ ಬಿಳಿ ಗೆರೆ. ಗೆರೆ ಮುಗಿದಲ್ಲಿ, ತಪಾಸಣೆಗೆ ಬರುವವರಿಗೆಂದು ಇಪ್ಪತ್ತೆರಡು ವರ್ಷದಿಂದ ಪ್ರತಿ ಗೆರೆಯ ಕೊನೆಗೂ ಬರೆಯುತ್ತ ಬಂದಂತೆ, ಅವನದೇ ದುಂಡು ಅಕ್ಷರದಲ್ಲಿ ಅವನ ತಂಡದ ಸಂಖ್ಯೆ, ಕೆಳಗೆ ಇಂದಿನ ತಾರೀಖು.