ಕುರಿ ದಾಟಿದ್ದು ಗೊತ್ತಾಗಬೇಕು

"ಏನರ ಹೇಳು, ಪರಮಾನಂದ. ನಾಳೆ ಮುದ್ದೇಬಿಹಾಳದವರು ನನ್ನ ನೋಡಾಕ ಬರ್ತಾರ."

ಅವನು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. ಸುನೀತಾ ಕುರ್ಚಿಯನ್ನು ಅವನತ್ತ ಎಳೆದುಕೊಂಡಳು.

ಕ್ಲಾಸಿನಲ್ಲಿ ವರ್ಷವಿಡೀ ಪಕ್ಕದಲ್ಲೇ ಕುಳಿತವನು, ಕಣ್ಣಲ್ಲೇ ಎಲ್ಲ ಹೇಳಿದವನು... ಬಾಯಿ ಬಿಡಬೇಕಾದಾಗ ಹೀಗೆ ಕಲ್ಲಾಗುವುದೇ?

ಅದು ೨೦೦೫. ಸಿಂದಗಿಯ ಆ ಕಂಪ್ಯೂಟರ್ ಕ್ಲಾಸಿನಲ್ಲಿ ಸ್ಪರ್ಧೆ. ಇಬ್ಬರು ಸೇರಿ ಎರಡೇ ದಿನದಲ್ಲಿ ಒಂದು ಸಣ್ಣ ಆಟ ಮಾಡಬೇಕು. ಇವರದು ಕಾಲುವೆ ದಾಟುವ ಕುರಿಗಳ ಆಟ. ಸಂಜೆಗೆ ಸಿಡಿ ಕೊಡಬೇಕಿತ್ತು. ಕರೆಂಟು ಹೋಗಿ, ಬ್ಯಾಟರಿ ಮುಗಿಯುತ್ತ ಬಂದ ಯುಪಿಎಸ್ ಒಂದೇ ಸಮನೆ ಕೂಗುತ್ತಿತ್ತು. ಈ ಮಹಾಶಯ ಮಾತ್ರ ಇನ್ನೂ ಪರದೆಯ ನೀರಿನಲ್ಲಿ ಮೀನಿನ ಚಿತ್ರ ಬಿಡಿಸುತ್ತಿದ್ದ!

"ಮೀನು ಸಾಕು. ಕುರಿ ದಾಟಿದ್ರ ಏನೂ ಆಗವಲ್ದು. ಸುಮ್ನ ನಿಂದರ್ತಾವ."

"ಒಳಗ ಎಣಿಕಿ ಆಗತೈತಿ."

"ಒಳಗ ಆದ್ರ ಆಡೋರಿಗೆ ಹೆಂಗ ಗೊತ್ತಾಗಬೇಕು?" ಅವಳು ಗುಂಡಿ ಒತ್ತಿ ತೋರಿಸಿದಳು. "ಗುಂಡಿ ಒತ್ತಿದವರಿಗೆ ಒಂದು ಉತ್ತರ ಬೇಕು. ಮುಗೀತು ಅಂತ ಹೇಳಬೇಕು. ಸಣ್ಣದಿದ್ರೂ ಪೂರಾ ಆಗಬೇಕು."

ಅವನ ಕೈ ನಿಂತಿತು.

"ಮುಂಜಾನೆ ನಿಮ್ಮಪ್ಪಾರನ್ನ ಕಂಡು ಬಂದೇನಿ. ನಿನ್ನ ಕೊಡ್ರಿ ಅಂತ ಕೇಳೇನಿ. 'ಆಕೀ ಮನಸು ನೋಡಿ ಹೇಳ್ತೇನಿ' ಅಂದ್ರು. ಅವರು ಒಲ್ಲೆ ಅಂದ್ರ... ನಿನಗ್ಯಾಕ ಆಸೆ ಹಚ್ಚಲಿ ಅಂತ ಸುಮ್ನಿದ್ದೆ."

ಸಿಟ್ಟೂ ಅಳುವೂ ಒಟ್ಟಿಗೇ ಬಂದವು ಅವಳಿಗೆ.

"ಎಲ್ಲಾ ಒಳಗ ಇಟ್ಕೊಂಡು ಕುಂತ್ರ ನನಗ ಹೆಂಗ ಗೊತ್ತಾಗಬೇಕು?"

ಅವನು ಮೀನು ಅಳಿಸಿದ. ಕಂಪ್ಯೂಟರಿನ ಮೈಕನ್ನು ಬಾಯಿಗೆ ಹಿಡಿದು, "ಬ್ಯಾ..." ಎಂದ. ಕ್ಲಾಸೆಲ್ಲ ತಿರುಗಿ ನೋಡಿತು. ಅಳುತ್ತಿದ್ದ ಸುನೀತಾ ನಕ್ಕುಬಿಟ್ಟಳು.

ಆ ಕೂಗನ್ನು ಅವನು ಆಟಕ್ಕೆ ಸೇರಿಸಿದ. ಈಗ ಪ್ರತಿ ಕುರಿಯೂ ದಾಟಿದೊಡನೆ ಕೂಗಿತು. ಕೊನೆಯದು ದಾಟಿದಾಗ ಪರದೆಯ ಮೇಲೆ 'ಎಲ್ಲಾ ದಾಟಿದವು' ಎಂದು ಮೂಡಿತು. ಸಿಡಿ ಹೊರಬಂದ ಬೆನ್ನಿಗೇ ಯುಪಿಎಸ್ ಆರಿತು.

ಸಿಡಿ ಕೊಟ್ಟು ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದರು. ಗೆಲ್ಲುವ ಯೋಚನೆ ಇಬ್ಬರಿಗೂ ಇರಲಿಲ್ಲ. ನಾಳೆ ಬೆಳಗಾಗುವುದರ ಭಯವೊಂದೇ ಇತ್ತು.

"ಅಪ್ಪ ಕೇಳೂತನ ನಾ ಕಾಯಂಗಿಲ್ಲ," ಎಂದಳು ಸುನೀತಾ. "ಮುದ್ದೇಬಿಹಾಳದವರು ಬ್ಯಾಡ ಅಂತ ಇವತ್ತ ಹೇಳ್ತೇನಿ. ನೀ ಬಾಜೂಕ ನಿಂದರು."

"ನಿಂದರ್ತೇನಿ. ಮತ್ತೇನ್ ಹೇಳ್ತಿ?"

"ಅದನ್ನ ಮೊದಲ ನೀ ನನಗ ಹೇಳು. ಬಾಯಿಬಿಟ್ಟು."

ಅವನು ಎದುರಿನ ಚಹಾದಂಗಡಿಯತ್ತ ನೋಡಿದ. ಆಮೇಲೆ ಅವಳನ್ನೇ ನೋಡಿದ.

"ನೀ ಇಲ್ಲಂದ್ರ ನನ್ನ ಕೈಲಿ ಆಗೂದಿಲ್ಲ, ಸುನೀತಾ. ನನ್ನ ಜೋಡಿ ಇರು."

"ಕೇಳಿಸ್ತು," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಇರ್ತೇನಿ. ನಡಿ, ನಮ್ಮೂರ ಬಸ್ ಬಂತು."