ಮುಕ್ಕಾಲು ಸುತ್ತಿನ ಓಟ

“ನೀನ್ಯಾಕೆ ಇಲ್ಲಿ ನಿಂತಿದ್ದೀಯಾ? ಇದು ನನ್ನ ಜಾಗ!” ಸೈಕಲ್ ಸ್ಟ್ಯಾಂಡಿನ ಮೂಲೆಯಲ್ಲಿ ಉದ್ದಣ್ಣ ಹುಬ್ಬೇರಿಸಿದ.

“ನಂದೂ ಇದೇ ಜಾಗ,” ಎಂದಳು ಗಡಿಬಿಡಿ. ಐದನೇ ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಹೆಸರಿಗೆ ತಕ್ಕ ಹುಡುಗಿ!

ರಿಲೇ ಓಟ ಇನ್ನೇನು ಶುರುವಾಗಬೇಕು. ಮೈದಾನ ಚೌಕವಾಗಿದೆ. ಗೇಟಿನಿಂದ ಹೊರಟರೆ ಮೊದಲ ಮೂಲೆಯಲ್ಲಿ ನಲ್ಲಿ, ಆಮೇಲೆ ಬಾವುಟದ ಕಂಬ, ಆಮೇಲೆ ಸೈಕಲ್ ಸ್ಟ್ಯಾಂಡ್, ಮತ್ತೆ ಗೇಟ್. ಮೂಲೆಯಿಂದ ಮೂಲೆಗೆ ಕಾಲು ಸುತ್ತು. ತಂಡದ ನಾಲ್ವರಲ್ಲಿ ಒಬ್ಬೊಬ್ಬರೂ ಮುಕ್ಕಾಲು ಸುತ್ತು ಓಡಿ ಮುಂದಿನವರ ಕೈಗೆ ಕೋಲು ಕೊಡಬೇಕು.

“ಎಲ್ಲಿ ನಿಲ್ಲಬೇಕು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ,” ಎಂದಿದ್ದರು ಪಿ.ಟಿ. ಮಿಸ್.

ಬಿ ಸೆಕ್ಷನ್‌ನವರು ಪ್ರತಿ ವರ್ಷ ಗೆದ್ದು ಮೆರೆಯುತ್ತಾರೆ. ಈ ಸಲ ಎ ಸೆಕ್ಷನ್‌ನ ಉದ್ದಣ್ಣ, ಗಡಿಬಿಡಿಯ ತಂಡ ಅವರಿಗೆ ಮಣ್ಣು ಮುಕ್ಕಿಸಲೇಬೇಕು!

“ನಂಗಿಂತ ಮುಂಚೆ ಮೂರು ಜನ ಓಡ್ತಾರೆ. ಮೂರು ಇಂಟು ಮುಕ್ಕಾಲು,” ಗಡಿಬಿಡಿ ಪಟಪಟನೆ ಹೇಳಿದಳು. “ಗುಣಿಸಿದ್ರೆ ಜಾಸ್ತಿ ಆಗ್ಲೇಬೇಕಲ್ಲ? ಮೂರೂಮುಕ್ಕಾಲು ಸುತ್ತು. ಅಂದ್ರೆ ಇಲ್ಲೇ!”

ಉದ್ದಣ್ಣ ಬಾಯಿ ತೆರೆಯುವಷ್ಟರಲ್ಲಿ ಮಿಸ್ ಪೀಪಿ ಊದಿದರು.

ಮೊದಲ ಹುಡುಗಿ ಬಾಣದ ಹಾಗೆ ಬಂದು ಉದ್ದಣ್ಣನಿಗೆ ಕೋಲು ಕೊಟ್ಟಳು. ಅವನು ಗೇಟು, ನಲ್ಲಿ ದಾಟಿ ಕಂಬದ ಬಳಿಯಿದ್ದ ಗುಂಗುರು ಕೂದಲಿನ ಗೆಳತಿಗೆ ಕೊಟ್ಟ. ಎ ಸೆಕ್ಷನ್ ಎರಡು ಹೆಜ್ಜೆ ಮುಂದೆ! ಗೆಳತಿ ಹತ್ತಿರ ಬಂದಳು. ಗಡಿಬಿಡಿ ಕೈ ಚಾಚಿದಳು.

“ಇಲ್ಲೇನೇ ಮಾಡ್ತಿದ್ದೀಯಾ? ನಂದಿನ್ನೂ ಕಾಲು ಸುತ್ತಾಗಿದೆ ಅಷ್ಟೇ!” ಎಂದು ಕೂಗಿ ಗೆಳತಿ ಮುಂದಕ್ಕೆ ಹಾರಿದಳು.

ಗಡಿಬಿಡಿ ಕಣ್ಣಲ್ಲೇ ಮೂಲೆಗಳನ್ನು ಎಣಿಸಿದಳು. ಗೆಳತಿಗೆ ಇನ್ನು ಅರ್ಧ ಸುತ್ತು. ಗೇಟು, ಆಮೇಲೆ... ನಲ್ಲಿ! ಅದೋ, ಎದುರು ಮೂಲೆಯಲ್ಲಿದೆ!

ಮೈದಾನದ ನಟ್ಟನಡುವೆ ಬಿದ್ದೆನೋ ಎದ್ದೆನೋ ಎಂದು ಓಡಿದಳು. ‘ಯಾರೂ ಒಂದು ಪೂರ್ತಿ ಸುತ್ತು ಓಡ್ತಿಲ್ಲ. ಮೂರು ಜನ ಸೇರಿದ್ರೂ ಮೂರು ಸುತ್ತು ತುಂಬಲ್ಲ. ನಂಗ್ಯಾಕೆ ಹೊಳೀಲಿಲ್ಲ!’

ಅವಳು ನಲ್ಲಿ ಮುಟ್ಟಿದ್ದೂ ಕೋಲು ಕೈಗೆ ಬಂದದ್ದೂ ಒಟ್ಟಿಗೇ. ಏದುಸಿರು ಬಿಡುತ್ತಲೇ ಜೀವ ಬಿಟ್ಟು ಓಡಿದಳು. ಆದರೂ ಗೇಟಿನ ಗೆರೆಯಲ್ಲಿ ಬಿ ಸೆಕ್ಷನ್ ಹುಡುಗಿ ಒಂದು ಗೇಣು ಮುಂದಿದ್ದಳು.

“ಆ ಅಡ್ಡ ಓಟ ಓಡದೇ ಇದ್ದಿದ್ರೆ ನಾವೇ ಫಸ್ಟ್,” ಎಂದ ಉದ್ದಣ್ಣ. ಅವಳಿಗೂ ಅದು ಗೊತ್ತಿತ್ತು. ಅಳು ಉಕ್ಕಿ ಬಂತು.

ಮುಂದಿನದು ಪುಟಾಣಿಗಳ ರಿಲೇ. ಒಬ್ಬೊಬ್ಬರಿಗೆ ಅರ್ಧ ಸುತ್ತು. ಗಡಿಬಿಡಿಯ ತಮ್ಮ ಕುಣಿಯುತ್ತಾ ಬಾವುಟದ ಕಂಬದ ಕಡೆ ಹೊರಟಿದ್ದ.

“ಅಕ್ಕಾ, ನಂದು ಲಾಸ್ಟ್! ನಂಗಿಂತ ಮುಂಚೆ ನಾಲ್ಕು ಜನ. ನಾಲ್ಕೂವರೆ ಸುತ್ತು! ಕಂಬದ ಹತ್ರ ನಿಲ್ಬೇಕು!”

ಗಡಿಬಿಡಿ ಕಣ್ಣೊರೆಸಿಕೊಂಡು ಅವನ ಕಾಲರ್ ಹಿಡಿದಳು. “ಅವರಲ್ಲಿ ಯಾರಾದ್ರೂ ಪೂರ್ತಿ ಸುತ್ತು ಓಡ್ತಾರೇನೋ?”

“ಇಲ್ಲ.”

“ಮತ್ತೆ ನಾಲ್ಕು ಸುತ್ತು ಎಲ್ಲಿಂದ ಬಂತು?”

ತಮ್ಮ ನಾಲ್ಕು ಬೆರಳು ಎತ್ತಿ, ಎರಡೆರಡನ್ನು ಜೋಡಿಸಿ ನೋಡಿದ. ಅವನ ಕಣ್ಣು ಅರಳಿತು. “ಎರಡೇ ಸುತ್ತು! ಅಕ್ಕಾ, ಗೇಟು!”

“ಓಡೋ, ಓಡು!” ಪೀಪಿ ಊದುವ ಮೊದಲೇ ಗಡಿಬಿಡಿ ಗಂಟಲು ಹರಿಯುವಂತೆ ಕೂಗತೊಡಗಿದಳು.