ಭೀಮಕ್ಕನ ಮಾಳಿಗೆಯ ಬೆಳಕಿಂಡಿ

೧೯೩೬ರ ಬೇಸಿಗೆಯ ಒಂದು ಮಧ್ಯಾಹ್ನ ಜಗಳೂರಿನ ಭೀಮಕ್ಕನ ಮಣ್ಣಿನ ಮಾಳಿಗೆಯ ಮೇಲೆ ನಾನು, ಮಳೆಗೆ ಸೋರದಂತೆ ಹಾಸುವ ಕರಲು ಮಣ್ಣು ತುಳಿಯುತ್ತಿದ್ದೆ. ಶ್ರೀಶೈಲಕ್ಕೆ ನಡೆದು ಹೋಗುವವರು ಇಳಿದುಕೊಳ್ಳುತ್ತಿದ್ದ ಮನೆ ಅದು. ಹೊಸ ಮಣ್ಣು ಹಾಸುವ ಮುನ್ನ ಬೆಳಕಿಂಡಿಯಲ್ಲಿ ಬಗ್ಗಿ ಕೂಗುವುದು ಈ ಕೆಲಸ ಮಾಡುವ ನಮ್ಮ ಪದ್ಧತಿ. ಕೆಳಗಿದ್ದವರು ಹೊರಗೆ ಬರುವವರೆಗೆ ಮಣ್ಣು ಸುರಿಯುವಂತಿಲ್ಲ.

"ಒಳಗೆ ಯಾರಾದ್ರೂ ಅದೀರೇನ್ರೀ?" ಎಂದು ಕೂಗಿದೆ.

"ಅದೀನವ್ವಾ, ಗೋವಿನಕೋವಿ ಊರಿನ ಅಂತರಘಟ್ಟಮ್ಮ. ತಡೀರಿ, ಬರ್ತೀನಿ," ಎಂದಿತು ಹೆಂಗಸಿನ ದನಿ. ಆ ಬಿಸಿಲಲ್ಲೂ ಕಿಂಡಿಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

ಅಂಗಳದಲ್ಲಿದ್ದ ಭೀಮಕ್ಕ ಬೀಗದ ಕೈ ತೋರಿಸಿದಳು. "ಬಾಗ್ಲಿಗೆ ಬೀಗ ಐತೆ. ಆಯಮ್ಮ ಶ್ರೀಶೈಲಕ್ಕೆ ಹೊರಟೋಗಿ ಒಂಬತ್ತು ದಿನ ಆತು."

ಬೀಗ ತೆಗೆಸಿ ನೋಡಿದೆವು, ಯಾರೂ ಇರಲಿಲ್ಲ. ಮೇಲೆ ಬಂದು ಮತ್ತೆ ಕೂಗಿದರೆ ಅದೇ ದನಿ, ಇನ್ನೂ ಹತ್ತಿರದಿಂದ: "ತಡೀರಿ, ಬರ್ತೀನಿ."

"ಬಿಸಿಲು ತಲೆಗೇರೈತೆ, ಗುಲ್ಜಾರ್. ದೆವ್ವ ಆದ್ರೆ ಮಣ್ಣು ತುಳಿಯಾಕೆ ಕರಿ," ಎಂದು ನಗುತ್ತ ನನ್ನ ಗಂಡ ಸುಬಾನಸಾಬರು ಮಣ್ಣು ಸುರಿದರು. ಉಳಿದ ಮಾಳಿಗೆ ಎರಡೇ ದಿನದಲ್ಲಿ ಒಣಗಿತು. ಕಿಂಡಿಯ ಸುತ್ತ ಒಂದು ಮೊಳ ಮಾತ್ರ ಮಳೆಗಾಲದವರೆಗೂ ಹಸಿಯಾಗಿಯೇ ಇತ್ತು.

ಶ್ರಾವಣದಲ್ಲಿ ಅಂತರಘಟ್ಟಮ್ಮನ ಮಗಳು ಓಬಮ್ಮ ಹುಡುಕಿಕೊಂಡು ಬಂದಳು. ಜೊತೆಗೆ ಹೋದವರೆಲ್ಲ ಮರಳಿದ್ದರು, ತಾಯಿ ಮರಳಿರಲಿಲ್ಲ.

"ಇಲ್ಲಿಂದ ಹೊರಟಿದ್ದು ನಾನೇ ನೋಡೀನಿ," ಎಂದಳು ಭೀಮಕ್ಕ. ಕಿಂಡಿಯಿಂದ ಕೇಳಿದ ದನಿಯ ಮಾತನ್ನು ನಾನು ಎತ್ತಲಿಲ್ಲ. 'ತಡೀರಿ' ಎಂದರೂ ತಡೆಯದೆ ಮಣ್ಣು ಹಾಕಿದವರು ನಾವಲ್ಲವೇ?

ಹತ್ತು ವರ್ಷದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಕೇಳಿದ್ದನ್ನು ಕೇಳಿದಂತೆಯೇ ಓಬಮ್ಮನಿಗೆ ಬರೆದೆ. ಆ ಕಾಗದವೂ ಎರಡು ವರ್ಷ ಪೆಟ್ಟಿಗೆಯಲ್ಲೇ ಉಳಿಯಿತು. ಕಡೆಗೆ ಭೀಮಕ್ಕ ಮಾಳಿಗೆ ಕೆಡವಿಸಿ ಹೆಂಚು ಹೊದಿಸುತ್ತಾಳೆಂದು ತಿಳಿಯಿತು. ಅದಕ್ಕೂ ಮೊದಲು ಮಗಳೇ ಬಂದು ಆ ಬೆಳಕಿಂಡಿಯಲ್ಲಿ ಬಗ್ಗಿ ಒಮ್ಮೆ ತಾಯಿಯನ್ನು ಕೂಗಲಿ ಎಂದು ಕಾಗದವನ್ನು ಅಂಚೆಗೆ ಹಾಕಿದೆ.